ಹತ್ತು ಕಿಲೋ

"ಒಂದೇ ಒಂದು ಲಾಡು ಕಣೇ. ಬಾಯಿ ತೆಗಿ, ನಾನೇ ಇಡ್ತೀನಿ," ಎನ್ನುತ್ತಾ ಚಂದ್ರಕ್ಕ ಕೈಯನ್ನು ಅನುಸೂಯಳ ಮೂಗಿನ ತನಕ ತಂದೇಬಿಟ್ಟರು. ಅನುಸೂಯ ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು. ತಲೆಗೆ ಸಿಕ್ಕಿಸಿಕೊಂಡಿದ್ದ ಹೆಡ್‌ಫೋನಿನ ವೈರು ಅದಕ್ಕಿಂತ ಹಿಂದೆ ಹೋಗಲು ಬಿಡಲಿಲ್ಲ. ತುಪ್ಪದ ವಾಸನೆ, ಏಲಕ್ಕಿಯ ವಾಸನೆ ನೇರ ಹೊಟ್ಟೆಗೇ ಇಳಿಯಿತು. ಬೆಳಿಗ್ಗೆಯಿಂದ ಆ ಹೊಟ್ಟೆ ಕಂಡದ್ದು ಒಂದು ರಾಗಿ ರೊಟ್ಟಿ, ಎರಡು ಲೋಟ ನೀರುಮಜ್ಜಿಗೆ.

ಹಿರಿಯೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅಂದು ಆಯುಧಪೂಜೆ. ಊರಿಂದೂರಿಗೆ ಲೈನು ಜೋಡಿಸುವ ಟ್ರಂಕ್ ಬೋರ್ಡಿನ ನೆತ್ತಿಗೆ ವಿಭೂತಿ ಬಳಿದು ಕುಂಕುಮ ಇಟ್ಟಿದ್ದರು. ಲೈನ್‌ಮನ್ ಮುದ್ದಪ್ಪ ತನ್ನ ಬಿದಿರೇಣಿಗೂ ಸೇವಂತಿಗೆ ಹಾರ ಹಾಕಿ, ಅದರ ಮುಂದೆ ನಿಂಬೆಹಣ್ಣು ಕುಯ್ದು, ಈಗ ಮಂಡಕ್ಕಿ, ಲಾಡು ತುಂಬಿದ ತಟ್ಟೆ ಹಿಡಿದು ನಿಂತಿದ್ದ. ಹಾಗೆ ನೋಡಿದರೆ ಆ ಆಫೀಸಿನಲ್ಲಿ ಸಿಹಿಗೆ ಹಬ್ಬವೇ ಬರಬೇಕೆಂದಿರಲಿಲ್ಲ. ಅದು ತೊಂಬತ್ತೈದನೇ ಇಸವಿ. ಅರ್ಜಿ ಹಾಕಿ ಆರು ವರ್ಷ ಕಾದವನ ಮನೆಗೆ ಫೋನು ಬಂತೆಂದರೆ, ಅವನು ಗಂಡು ಮಗು ಹುಟ್ಟಿದವನಂತೆ ಪೇಡದ ಡಬ್ಬಿ ಹಿಡಿದು ಓಡಿ ಬರುತ್ತಿದ್ದ. ಇನ್ನು ಗೌರಿ ಹಬ್ಬದಿಂದ ದೀಪಾವಳಿಯವರೆಗೆ ಕೇಳುವುದೇ ಬೇಡ. ತೂಕ ಇಳಿಸಬೇಕೆನ್ನುವವರು ಕೆಲಸ ಮಾಡುವ ಜಾಗವೇ ಅಲ್ಲ ಅದು.

"ಬ್ಯಾಡ ಚಂದ್ರಕ್ಕ. ಡಯಟ್ ಮಾಡ್ತಿದೀನಿ," ಎಂದಳು ಅನುಸೂಯ.

"ಅಯ್ಯ! ಮೂವತ್ನಾಕು ವರ್ಷಕ್ಕೆ ಯಾರಿಗೆ ತೋರಿಸ್ಬೇಕೇ ಸೊಂಟಾನ?" ಚಂದ್ರಕ್ಕ ಗೊಳ್ಳನೆ ನಕ್ಕರು. ಅವರು ಅಲ್ಲಿಯ ಸೂಪರ್‌ವೈಸರು, ಬಾಯಿ ಜೋರು, ಮನಸ್ಸು ಬೆಣ್ಣೆ. "ಮೋಹನ್‌ಕುಮಾರ್ ಏನಾದ್ರೂ ಅಂದ್ನಾ? ಹೇಳು, ಮನೀಗೇ ಬಂದು ವಿಚಾರಿಸ್ಕಂತೀನಿ."

ಲಾಡು ತುಟಿಗೆ ತಾಗಿತು. ಅನುಸೂಯ ದಿಕ್ಕು ತೋಚದೆ, "ಹರಕೆ ಐತೆ ಚಂದ್ರಕ್ಕ," ಎಂದುಬಿಟ್ಟಳು. "ನಮ್ಮೂರ ಚೌಡೇಶ್ವರಿಗೆ. ನಡೆಯೋತಂಕ ಸಿಹಿ ಮುಟ್ಟಲ್ಲ ಅಂತ."

ಚಂದ್ರಕ್ಕನ ಕೈ ಅಲ್ಲೇ ನಿಂತಿತು. ಡಯಟ್ಟಾದರೆ ನಗಬಹುದು, ಹರಕೆಯೆಂದರೆ ಯಾರೂ ನಗುವುದಿಲ್ಲ, ಯಾಕೆಂದೂ ಕೇಳುವುದಿಲ್ಲ. ಮದುವೆಯಾಗಿ ಒಂಬತ್ತು ವರ್ಷವಾದರೂ ಮಡಿಲು ತುಂಬದವಳು ಕಟ್ಟಿಕೊಳ್ಳುವ ಹರಕೆ ಯಾವುದೆಂದು ಕೇಳಿ ತಿಳಿಯಬೇಕೆ? ಚಂದ್ರಕ್ಕ ಲಾಡನ್ನು ತಟ್ಟೆಯಲ್ಲಿಟ್ಟು ಅನುಸೂಯಳ ತಲೆ ನೇವರಿಸಿದರು. ಮುದ್ದಪ್ಪ ತಟ್ಟೆಯನ್ನು ಕಿಟಕಿಯಲ್ಲಿಟ್ಟು, "ಆ ತಾಯಿ ಕಣ್ಣು ಬಿಡ್ತಾಳೆ ಬಿಡ್ರಿ ಮೇಡಂ. ನಿಮ್ಮ ಹರಕೆ ಮುಗಿಯೋತಂಕ ನಾನೂ ಎಲೆ ಅಡಿಕೆ ಹಾಕಲ್ಲ," ಎಂದ. ಇಪ್ಪತ್ತು ವರ್ಷ ಎಲೆ ಅಡಿಕೆ ಬಾಯಲ್ಲಿಲ್ಲದೆ ಕಂಬ ಹತ್ತಿದವನಲ್ಲ ಅವನು. ಅನುಸೂಯಳಿಗೆ ಅಳು ಬಂತು. ಅವರು ತಿಳಿದುಕೊಂಡದ್ದು ತಪ್ಪೆಂದು ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ನಿಜ ಬೇರೆಯೇ ಇತ್ತು. ಜವನಗೊಂಡನಹಳ್ಳಿಯಲ್ಲಿ ಟೈಲರಿಂಗ್ ಮಾಡಿಕೊಂಡಿದ್ದ ಅವಳ ತಮ್ಮ ಲಕ್ಷ್ಮೀಕಾಂತನ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆರಡು ಸಲ ಅವನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮಷೀನಿಗೆ ಹಾಕಿಸಿ ರಕ್ತ ಶುದ್ಧ ಮಾಡಿಸಿಕೊಂಡು ಬರುತ್ತಿದ್ದವನು ಸೋದರಮಾವ ಪಂಚಾಕ್ಷರಪ್ಪ. ತಂದೆ ಇರಲಿಲ್ಲ. ತಾಯಿ ಪುಟ್ಟಕ್ಕನಿಗೆ ಸಕ್ಕರೆ ಕಾಯಿಲೆ. ಬದಲಿ ಕಿಡ್ನಿಗೆ ಹೊಂದಿಕೆಯಾದದ್ದು ಅಕ್ಕನದೊಂದೇ. ಡಾಕ್ಟರು ಅವಳನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ಎಪ್ಪತ್ತೆಂಟು ನೋಡಿ ತಲೆಯಾಡಿಸಿದ್ದರು. ಈ ತೂಕ, ಈ ಬಿಪಿ ಇಟ್ಟುಕೊಂಡು ಕಿಡ್ನಿ ತೆಗೆಯಲು ಆಗುವುದಿಲ್ಲ, ಹತ್ತು ಕಿಲೋ ಇಳಿಸಿಕೊಂಡು ಬನ್ನಿ, ಆಮೇಲೆ ದಿನ ಗೊತ್ತು ಮಾಡೋಣ ಎಂದಿದ್ದರು. ಗಂಡ ಮೋಹನ್‌ಕುಮಾರ್ ಒಂದು ವಾರ ಮಾತು ಬಿಟ್ಟು, ಕೊನೆಗೆ, "ಕೊಡು. ಆದ್ರೆ ಆಪರೇಷನ್ ಆಗೋವರ್ಗೂ ನಮ್ಮವ್ವಂಗೆ ಗೊತ್ತಾಗ್ಬಾರ್ದು," ಎಂದು ಒಪ್ಪಿದ್ದ. ಅತ್ತೆಯ ಕಿವಿಗೂ ಚಂದ್ರಕ್ಕನ ಬಾಯಿಗೂ ನಡುವೆ ಇದ್ದದ್ದು ಒಂದೇ ಓಣಿ.

ಬಸ್ ಸ್ಟ್ಯಾಂಡಿನ ಬಣ್ಣದ ದೀಪದ ತೂಕದ ಮಷೀನಿಗೆ ಅವಳು ಪ್ರತಿ ಸೋಮವಾರ ಹತ್ತುತ್ತಿದ್ದಳು. ರೂಪಾಯಿ ಹಾಕಿದರೆ ಒಂದು ಚೀಟಿ ಬೀಳುತ್ತಿತ್ತು. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ಎಪ್ಪತ್ತಾರಕ್ಕೆ "ವಿದೇಶ ಪ್ರಯಾಣ ಯೋಗವಿದೆ" ಎಂದು ಬಂದಿತ್ತು. ಎಪ್ಪತ್ಮೂರಕ್ಕೆ "ಶತ್ರುಗಳು ಮಿತ್ರರಾಗುವರು". ಅವಳು ಆ ಕಡೆ ತಿರುಗಿಸಿಯೂ ನೋಡುತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ. ನಸುಕಿನಲ್ಲೆದ್ದು ವೇದಾವತಿ ಸೇತುವೆಯ ತನಕ ನಡೆದು ಬರುವುದು, ರಾತ್ರಿ ಅನ್ನ ಬಿಟ್ಟು ಸೌತೆಕಾಯಿ ತಿನ್ನುವುದು, ಯಾರ ಮನೆಗೂ ಅರಿಶಿನ ಕುಂಕುಮಕ್ಕೆ ಹೋಗದಿರುವುದು. ಹೀಗೆ ಒಂದೊಂದು ಕಿಲೋ ಇಳಿದಾಗಲೂ ತಮ್ಮ ಒಂದೊಂದು ಗೇಣು ಹತ್ತಿರ ಬಂದಂತಾಗುತ್ತಿತ್ತು.

ದೀಪಾವಳಿಗೆ ತವರಿಗೆ ಹೋದಳು. ಪುಟ್ಟಕ್ಕ ಕಾಯಿಹೋಳಿಗೆ ಬೇಯಿಸುತ್ತಿದ್ದಳು. ಮಗನಿಗೆ ತೆಂಗಿನಕಾಯಿ ಸಲ್ಲದು, ಉಪ್ಪು ಸಲ್ಲದು, ಬಾಳೆಹಣ್ಣು ಸಲ್ಲದು. ನೀರು ಸಹ ದಿನಕ್ಕೆ ಇಷ್ಟೇ ಲೋಟವೆಂದು ಕಟ್ಟು. ಆದರೂ ಅವನೇ ಹಟ ಮಾಡಿ ಮಾಡಿಸಿದ್ದ. ಬಾಗಿಲ ಹತ್ತಿರ ಗೋಡೆಗೊರಗಿ ಕೂತಿದ್ದ ಲಕ್ಷ್ಮೀಕಾಂತನ ಮುಖ ಊದಿ ಕಪ್ಪಿಟ್ಟಿತ್ತು, ಕೈಕಾಲು ಮಾತ್ರ ಕಡ್ಡಿ. ಅಕ್ಕ ಬಂದು ಕೂತಳೋ ಇಲ್ಲವೋ, ಬಿಸಿ ಹೋಳಿಗೆಯ ಒಂದು ಚೂರು ಮುರಿದು, ತುಪ್ಪಕ್ಕದ್ದಿ ಅವಳ ಮುಂದೆ ಹಿಡಿದ.

"ತಿನ್ನಕ್ಕ. ನೀನು ತಿಂದ್ರೆ ನಾನು ತಿಂದಂಗೇ ಆಗ್ತೈತೆ."

"ಇನ್ನೂ ಎರಡು ಕಿಲೋ ಐತೆ ಕಣೋ."

"ಒಂದು ಚೂರಿಗೆ ಎಷ್ಟು ಏರ್ತೀಯ? ಮೂರು ತಿಂಗ್ಳಿಂದ ನೀನು ಹೊಟ್ಟೆ ತುಂಬ ಉಂಡಿದ್ದೇ ಇಲ್ವಂತೆ, ಅವ್ವ ಹೇಳ್ತು. ನನಗೋಸ್ಕರ ಒಂದಿನ ಬಿಡಕ್ಕ."

"ನಿನಗೋಸ್ಕರಾನೇ ಬಿಡ್ತಿಲ್ಲ," ಎಂದಳು. ದನಿ ಸ್ವಲ್ಪ ಗಡುಸಾಯಿತು. ನಿಜವಾಗಿ ಅವಳಿಗೆ ಭಯವಾಗಿತ್ತು. ಒಂದು ಚೂರು ಒಳಗೆ ಹೋದರೆ ಒಂದು ತಟ್ಟೆ ಕೇಳುವ ಹಸಿವು ತನ್ನದೆಂದು ಅವಳಿಗೆ ಗೊತ್ತಿತ್ತು. ಅವನ ಬೆರಳುಗಳನ್ನು ಹೋಳಿಗೆಯ ಮೇಲೆ ಮಡಿಸಿ, ಕೈಯನ್ನು ಅವನ ಮಡಿಲಿಗೆ ಹಿಂದಿರುಗಿಸಿದಳು. "ಆಪರೇಷನ್ ಆಗ್ಲಿ. ಇಬ್ರೂ ಒಂದೇ ತಟ್ಟೇಲಿ ತಿನ್ನಾಣ."

"ಭಾಳ ಮೊಂಡು ನೀನು," ಎಂದು ಅವನು ನಕ್ಕ. ಚೂರನ್ನು ತಟ್ಟೆಗೆ ಹಾಕಿ, ಬೆರಳಿಗೆ ಹತ್ತಿದ ತುಪ್ಪವನ್ನು ಪಂಚೆಗೆ ಒರೆಸಿಕೊಂಡ. ಆಮೇಲೆ ಸಂಜೆಯವರೆಗೂ ತಿನ್ನುವ ವಿಷಯ ಎತ್ತಲಿಲ್ಲ. ಅಕ್ಕನಿಗೆ ಹೊಲಿದಿಟ್ಟಿದ್ದ ರವಿಕೆ ಎರಡು ಬೆರಳು ಸಡಿಲವಾಗಿದೆಯೆಂದು ಮತ್ತೆ ಹೊಲಿಗೆ ಮಷೀನಿನ ಮುಂದೆ ಕೂತು ಹಿಡಿದುಕೊಟ್ಟ.

ಹದಿನೈದು ದಿನಕ್ಕೆ ಚೀಟಿಯಲ್ಲಿ ಅರವತ್ತೆಂಟು ಬಿತ್ತು. ಇಪ್ಪತ್ತನೇ ತಾರೀಕು ಬಂದು ಸೇರಿ ಎಂದು ಡಾಕ್ಟರು ಹೇಳಿದರು. ಅನುಸೂಯ ರಜೆಗೆ ಅರ್ಜಿ ಬರೆದು ಚಂದ್ರಕ್ಕನ ಮೇಜಿನ ಮೇಲಿಟ್ಟಳು. ಕಾರಣ ಎಂಬಲ್ಲಿ "ಸ್ವಂತ ಕೆಲಸ" ಎಂದಿತ್ತು. ಚಂದ್ರಕ್ಕ ಅದನ್ನು ಓದಿ, ಮುಗುಳ್ನಕ್ಕು, "ಒಳ್ಳೇದಾಗ್ಲಿ ಹೋಗಿ ಬಾರೇ," ಎಂದು ಸಹಿ ಹಾಕಿದರು.

ಹದಿನಾರನೇ ತಾರೀಕು ಮಧ್ಯಾಹ್ನ ಬೋರ್ಡಿನಲ್ಲಿ ಬೆಂಗಳೂರಿನ ದೀಪ ಹತ್ತಿತು. "ಹಿರಿಯೂರಾ? ಜವನಗೊಂಡನಹಳ್ಳಿ ಒಂಬತ್ತು ಕೊಡಿ, ಅರ್ಜೆಂಟ್," ಎಂದಳು ಅಲ್ಲಿಯ ಆಪರೇಟರು. ಒಂಬತ್ತೆಂದರೆ ಕಾಟಯ್ಯನ ಅಂಗಡಿ, ಅನುಸೂಯಳ ತವರಿನ ಎದುರಿಗೇ. ಆ ಕಾಲಕ್ಕೆ ಹಳ್ಳಿಗಳಿಗೆ ಮಾತು ಹೋಗಬೇಕೆಂದರೆ ಹಿರಿಯೂರಿನ ಬೋರ್ಡಿನ ಮೇಲೆಯೇ ಹೋಗಬೇಕು. ಅವಳು ಪ್ಲಗ್ಗು ಹಾಕಿ ಗಂಟೆ ಹೊಡೆದಳು. ಕಾಟಯ್ಯ ಎತ್ತಿದ.

"ಕಾಟಯ್ಯ, ನಾನಪ್ಪ, ಪಂಚಾಕ್ಷರಪ್ಪ. ಆಸ್ಪತ್ರೆಯಿಂದ ಮಾತಾಡ್ತಿದೀನಿ."

"ಕೇಳಿಸ್ತಿಲ್ರಿ! ಯಾರು? ಜೋರಾಗಿ ಹೇಳ್ರಿ!"

"ಲಕ್ಷ್ಮೀಕಾಂತ ಹೋಗ್ಬಿಟ್ಟ ಕಣಪ್ಪ. ಮಷೀನಿನ ಮೇಲೇ ಉಸಿರು ನಿಂತೋಯ್ತು. ಪುಟ್ಟಕ್ಕಂಗೆ ನೀನೇ ಹೆಂಗಾದ್ರೂ ಹೇಳು."

"ಏನೂ ತಿಳೀತಿಲ್ರೀ! ಎಕ್ಸ್‌ಚೇಂಜ್ನೋರೇ, ಏನಂತಾರೆ ಸ್ವಲ್ಪ ಹೇಳ್ರಮ್ಮ!"

ಲೈನು ಕೆಟ್ಟಿದ್ದಾಗ ನಡುವಿನ ಆಪರೇಟರು ಆ ಕಡೆಯ ಮಾತನ್ನು ಈ ಕಡೆಗೆ ಹೇಳುವುದು ವಾಡಿಕೆ. ಹನ್ನೊಂದು ವರ್ಷದಲ್ಲಿ ಅನುಸೂಯ ಎಷ್ಟೋ ಹೆರಿಗೆ, ಎಷ್ಟೋ ಸಾವು, ಎಷ್ಟೋ ಲಗ್ನದ ದಿನ ಹಾಗೆ ದಾಟಿಸಿದ್ದಳು. ತನ್ನ ಕಡೆಯಿಂದ ಏನನ್ನೂ ಸೇರಿಸಬಾರದು, ಬಿಡಬಾರದು. ಅವಳು ಮಾತಾಡುವ ಬಟನ್ ಒತ್ತಿದಳು.

"ಲಕ್ಷ್ಮೀಕಾಂತ ಹೋಗ್ಬಿಟ್ಟ ಅಂತ ಹೇಳ್ತಿದಾರೆ. ಮಷೀನಿನ ಮೇಲೇ ಉಸಿರು ನಿಂತೋಯ್ತಂತೆ. ಪುಟ್ಟಕ್ಕಂಗೆ ನೀವೇ ಹೇಳ್ಬೇಕಂತೆ."

ಆ ಕಡೆ ಕಾಟಯ್ಯ, "ಅಯ್ಯೋ ಶಿವನೇ," ಎಂದ. ಈ ಕಡೆ ಪಂಚಾಕ್ಷರಪ್ಪನ ಉಸಿರು ಕೇಳುತ್ತಿತ್ತು. ಅವನು, "ಯಾರಮ್ಮ ಅದು ನಡುವೆ ಮಾತಾಡಿದ್ದು?" ಎಂದ.

"ಎಕ್ಸ್‌ಚೇಂಜ್," ಎಂದಳು ಅನುಸೂಯ. ಆಮೇಲೆ ಪ್ಲಗ್ಗು ಕಿತ್ತಳು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಡಲು ಹೋದವಳ ಕೈ ಮೇಜನ್ನು ಮುಟ್ಟಲಿಲ್ಲ. ಚಂದ್ರಕ್ಕ ಓಡಿ ಬಂದು ಹಿಡಿದುಕೊಂಡಾಗ, "ಇಳಿಸಿದ್ದೆ ಚಂದ್ರಕ್ಕ, ಹತ್ತೂ ಇಳಿಸಿದ್ದೆ," ಎಂದು ಅದನ್ನೇ ಹೇಳುತ್ತಿದ್ದಳು. ಏನು ಇಳಿಸಿದ್ದು, ಯಾಕೆ ಇಳಿಸಿದ್ದು ಎಂಬುದೆಲ್ಲ ಆಫೀಸಿನವರಿಗೆ ತಿಳಿದದ್ದು ಅಂದು ಸಂಜೆ, ಮೋಹನ್‌ಕುಮಾರ್ ಬಂದು ಹೇಳಿದ ಮೇಲೆ.

ಸಂಕ್ರಾಂತಿಯ ಹೊತ್ತಿಗೆ ಎಕ್ಸ್‌ಚೇಂಜಿಗೆ ಅಂಜಲಿ ಎಂಬ ಹೊಸ ಹುಡುಗಿ ಬಂದಳು. ದುಂಡು ಮುಖ, ದುಂಡು ಕೈ, ಮಾತು ಅರಳು ಹುರಿದಂತೆ. ನೋಡಲು ಬಂದಿದ್ದ ಗಂಡಿನ ಕಡೆಯವರು ಹುಡುಗಿ ದಪ್ಪ ಎಂದು ಬೇಡವೆಂದರಂತೆ. ಹಬ್ಬದ ದಿನ ಎಳ್ಳುಬೆಲ್ಲದ ಪೊಟ್ಟಣಗಳು ಮೇಜಿನಿಂದ ಮೇಜಿಗೆ ಓಡಾಡುತ್ತಿದ್ದಾಗ ಅವಳು ತನ್ನ ಕುರ್ಚಿಯನ್ನು ಅನುಸೂಯಳ ಪಕ್ಕಕ್ಕೆ ಎಳೆದುಕೊಂಡಳು.

"ಮೇಡಂ, ಮೂರೇ ತಿಂಗ್ಳಲ್ಲಿ ಹತ್ತು ಕಿಲೋ ಇಳಿಸಿದ್ರಂತೆ! ಅಟೆಂಡರ್ ಹೇಳಿದ್ರು. ನಂಗೂ ಹೇಳ್ಕೊಡ್ರಿ ಮೇಡಂ, ಬರ್ಕಂತೀನಿ."

"ಏ ಅಂಜಲಿ, ಕೆಲಸ ನೋಡ್ಕ," ಎಂದರು ಚಂದ್ರಕ್ಕ, ಎದ್ದು ನಿಂತು. ಅನುಸೂಯ ಇರಲಿ ಬಿಡಿ ಎಂಬಂತೆ ಕೈ ಮಾಡಿದಳು. ಬೋರ್ಡಿನಲ್ಲಿ ಯಾವ ದೀಪವೂ ಇರಲಿಲ್ಲ.

"ಬೆಳಿಗ್ಗೆ ಎದ್ದು ಸೇತುವೆ ತಂಕ ನಡಿ," ಎಂದಳು. ಅಂಜಲಿ ಟ್ರಂಕ್ ಕಾಲ್ ಬರೆಯುವ ಚೀಟಿಯ ಹಿಂಬದಿಯಲ್ಲಿ ಒಂದು ಎಂದು ಹಾಕಿ ಬರೆದಳು. "ರಾತ್ರಿ ಅನ್ನ ಬಿಡು. ಹಸಿವಾದ್ರೆ ಸೌತೆಕಾಯಿ ತಿನ್ನು, ಮಜ್ಜಿಗೆ ಕುಡಿ. ಸಿಹಿ, ಕರಿದಿದ್ದು ಮುಟ್ಬ್ಯಾಡ. ಯಾರು ಕೊಟ್ರೂ ಬ್ಯಾಡ ಅನ್ನು."

"ಅದೇ ಮೇಡಂ ಕಷ್ಟ. ಬೇರೆಯೋರಿಗೆ ಬ್ಯಾಡ ಅನ್ಬೋದು. ಮನೇಲಿ, ನಮ್ಮೋರೇ, ಪ್ರೀತಿಯಿಂದ ಬಾಯಿ ಹತ್ರ ತಂದ್ರೆ? ಆವಾಗ ಏನ್ಮಾಡಾದು?"

ಚಂದ್ರಕ್ಕ ಮುಖ ತಿರುಗಿಸಿ ಕಿಟಕಿಯ ಹತ್ತಿರ ಹೋದರು. ಅನುಸೂಯ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

"ಆವಾಗ ತಿಂದ್ಬಿಡಮ್ಮ," ಎಂದಳು.

ಅಂಜಲಿ ಐದು ಎಂದು ನಂಬರು ಹಾಕಿ ಅದನ್ನೂ ಬರೆದುಕೊಂಡಳು.