ಲಾಳಿಯ ಸದ್ದಿಗೆ ಹಾರಿದ ಗಿಡುಗ

ಆಲಮಟ್ಟಿಯ ಹಿನ್ನೀರು ಅನಗವಾಡಿ ಕಡೆಯ ಹೊಲಗಳಿಗೆ ಏರಿ ಬಂದ ಮರುವರ್ಷದ ಬೇಸಿಗೆಯಲ್ಲಿ, ರಬಕವಿಯ ಶೇವಂತಿಯ ಮನೆ ಹಿತ್ತಲಿನ ಬೇವಿನ ಕೊಂಬೆಯೊಂದು ಗಾಳಿಗೆ ಮುರಿದು ಬಿತ್ತು. ಅದರ ಜೊತೆ ಒಂದು ಗಿಡುಗದ ಮರಿಯೂ ಬಿತ್ತು. ಮೈಗೆ ಪುಕ್ಕ ಇನ್ನೂ ಪೂರ್ತಿ ಬಂದಿರಲಿಲ್ಲ, ಆದರೆ ಕೊಕ್ಕು ತೆರೆದು ಹೆದರಿಸುವ ಧಿಮಾಕು ಆಗಲೇ ಬಂದುಬಿಟ್ಟಿತ್ತು. ಶೇವಂತಿ ಅದನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡಳು.

ಅತ್ತೆ ಅನಸವ್ವ ಬಾಗಿಲಿಗೆ ಅಡ್ಡ ನಿಂತಳು. ಲಿಂಗಪೂಜೆ ಮುಗಿಯದೆ ಹನಿ ನೀರೂ ಮುಟ್ಟದ ಹೆಂಗಸು ಆಕೆ.

“ಅದು ಏನ ತಿಂತೈತಿ ಗೊತ್ತೈತೇನಬೇ ನಿನಗ?”

“ಗೊತ್ತೈತ್ರಿ ಅತ್ತಿ.”

“ನಮ್ಮ ಮನ್ಯಾಗ ಇಲ್ಲೀತನಕ ತತ್ತೀನೂ ಬಂದಿಲ್ಲ!”

“ಒಳಗ ತರೂದಿಲ್ರಿ. ಮಗ್ಗದ ಖೋಲ್ಯಾಗ ಇಡ್ತೀನಿ, ಹಿತ್ತಲದಾಗ ತಿನಸ್ತೀನಿ.”

ಜೀವಮಾನದಲ್ಲಿ ಮೊದಲ ಸಲ ಶೇವಂತಿ ಕೋಳಿ ಅಂಗಡಿಯ ಮುಂದೆ ನಿಂತಳು. ಮೂಗಿಗೆ ಸೆರಗು ಹಿಡಿದು, “ನಮಗಲ್ರಿ, ಹಕ್ಕಿಗೆ” ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದಳು.

ಸುದ್ದಿ ತಿಳಿದು ಅರಣ್ಯ ಇಲಾಖೆಯ ಗಾರ್ಡ್ ದಶರಥ ಬಂದು ಮರಿಯನ್ನು ಒಯ್ದ. ಅವನ ಕೈಯಿಂದ ಅದು ಒಂದು ತುಣುಕೂ ತಿನ್ನಲಿಲ್ಲ. ಸಾಹೇಬರನ್ನು ಕೇಳಿಕೊಂಡು ಅವನೇ ತಿರುಗಿ ತಂದ.

“ಅಕ್ಕಾರ, ರೆಕ್ಕಿ ಬಲೀತನಕ ನೀವ ಜೋಪಾನ ಮಾಡ್ರಿ. ಆದ್ರ ಪ್ರೀತಿ ಅಂತ ಇಟಗೊಳ್ಳಾಕ ಬರೂದಿಲ್ಲ. ತಾನ ಬ್ಯಾಟಿ ಆಡೂದ ಕಲತರ ಮಾತ್ರ ಇದು ಉಳೀತೈತಿ.”

ದಶರಥನ ಅಜ್ಜ ಮುಧೋಳ ಸಂಸ್ಥಾನದ ಕಾಲದಲ್ಲಿ ಬೇಟೆಯ ಗಿಡುಗಗಳನ್ನು ಪಳಗಿಸುತ್ತಿದ್ದನಂತೆ. ಅಜ್ಜನಿಂದ ಕೇಳಿದ್ದನ್ನು ಮೊಮ್ಮಗ ಹೇಳಿಕೊಟ್ಟ. ಹಕ್ಕಿಯ ಕಾಲಿಗೆ ಮೆತ್ತನೆಯ ಚರ್ಮದ ಪಟ್ಟಿ, ಪಟ್ಟಿಗೆ ಉದ್ದನೆಯ ದಾರ. ಹಸಿದಾಗ ದೂರ ನಿಂತು ಮಾಂಸ ತೋರಿಸಿ ಕರೆಯಬೇಕು. ಬಂದರೆ ಮರುದಿನ ಇನ್ನಷ್ಟು ದೂರ. ಶೇವಂತಿ ಮಗ್ಗದಲ್ಲಿ ಸೀರೆಯ ಉದ್ದೆಳೆಗೆಂದು ಇಟ್ಟಿದ್ದ ನೂಲನ್ನೇ ಹುರಿ ಮಾಡಿ ದಾರ ಹೊಸೆದಳು, ಕೈಗೆ ಗೋಣಿತಟ್ಟು ಸುತ್ತಿಕೊಂಡಳು. ಹಿತ್ತಲಿನಲ್ಲಿ ಗಿಡುಗ ಬಾಣದ ಹಾಗೆ ಬಂದು ಅವಳ ಮುಷ್ಟಿಯ ಮೇಲೆ ಕೂತಾಗ ಆ ಸಣ್ಣ ಭಾರಕ್ಕೆ ಅವಳ ಎದೆ ತುಂಬಿತು.

ಆದರೆ ಊರಾಚೆ ಚಿಮ್ಮಡದ ಬಯಲಿಗೆ ಒಯ್ದ ದಿನ ಅದು ಬದುವಿನ ಕಲ್ಲಿನ ಮೇಲೆ ಕೂತದ್ದು ಕೂತೇ ಬಿಟ್ಟಿತು. ಕರೆದರೂ ಕದಲಲಿಲ್ಲ. ಮೈ ಮುದುಡಿಕೊಂಡು ಅತ್ತಿತ್ತ ನೋಡಿತು. ಮರುದಿನವೂ ಅಷ್ಟೇ. ದಶರಥ ತಲೆ ಕೆರೆದುಕೊಂಡ. ಶೇವಂತಿ ಸಪ್ಪಗೆ ಮನೆಗೆ ಬಂದಳು.

ಅನಸವ್ವ ಎಲ್ಲ ಕೇಳಿಸಿಕೊಂಡು ಎಂದಳು: “ಅದು ಕಣ್ಣ ಬಿಟ್ಟಾಗಿಂದ ಮಗ್ಗದ ಸಪ್ಪಳದಾಗ ಬೆಳದೈತಿ. ಅಷ್ಟು ಸುಮ್ಮಕಿರೂ ಜಾಗಾದಾಗ ಅಂಜೂದಿಲ್ಲೇನಬೇ? ನಾಳೆ ನಾನೂ ಬರ್ತೀನಿ.”

ಮರುದಿನ ಮುದುಕಿ ಮಗ್ಗದ ಎರಡು ಹಳೆಯ ಮರದ ಲಾಳಿಗಳನ್ನು ಚೀಲದಲ್ಲಿಟ್ಟುಕೊಂಡು ಆಟೊ ಹತ್ತಿದಳು. ಬದುವಿನ ಮೇಲೆ ಕೂತು, ಒಂದಕ್ಕೊಂದು ಬಡಿಯತೊಡಗಿದಳು: ಖಟ್ ಖಟಕ್, ಖಟ್ ಖಟಕ್. ಜೀವನವೆಲ್ಲ ನೇಯ್ದವಳ ಲಯ ಅದು, ತಪ್ಪುವ ಹಾಗೇ ಇರಲಿಲ್ಲ. ಗಿಡುಗ ಕತ್ತು ಕೊಂಕಿಸಿತು, ಮುದುಡಿದ್ದ ಪುಕ್ಕ ಸಡಿಲಿಸಿತು. ಶೇವಂತಿ ಕೈ ಚಾಚಿದ್ದೇ ತಡ, ದಾರ ಎಳೆದುಕೊಂಡು ಹಾರಿ ಬಂತು.

ದಿನ ಕಳೆದಂತೆ ಅನಸವ್ವ ಲಾಳಿಯ ಸದ್ದು ಇಳಿಸುತ್ತ ಬಂದಳು. ಕಡೆಗೆ ಬರೀ ಗಾಳಿಯ ಸದ್ದಿನಲ್ಲೇ ಹಕ್ಕಿ ಹಾರಿತು. ಆಗ ದಶರಥ, “ದಾರ ಬಿಚ್ಚರಿ” ಎಂದ. ಶೇವಂತಿ ಗಂಟು ಬಿಚ್ಚಿದಳು. ಬಿಡಿಸಿಕೊಂಡ ಗಿಡುಗ ನೇರ ಜಾಲಿಮರದ ತುದಿಗೆ ಹೋಗಿ ಬೆನ್ನು ತಿರುಗಿಸಿ ಕೂತಿತು. ಎಷ್ಟು ಕೂಗಿದರೂ ಕೇಳಿಸದವರ ಹಾಗೆ ಪುಕ್ಕ ತೀಡಿಕೊಂಡಿತು. ಹೋಯಿತಲ್ಲ ಎಂದು ಶೇವಂತಿ ಕೈ ಇಳಿಸುವ ಹೊತ್ತಿಗೆ ತಟಕ್ಕನೆ ಬಂದು ಮುಷ್ಟಿಯ ಮೇಲೆ ಇಳಿಯಿತು.

“ಬಂತ ನೋಡ್ರಿ! ದಾರ ಇಲ್ದನ ಬಂತು!” ಅವಳು ನಕ್ಕಳು, ಕಣ್ಣು ಒರೆಸಿಕೊಂಡಳು.

ಬೇಟೆ ಮಾತ್ರ ಅಷ್ಟು ಬೇಗ ಒಲಿಯಲಿಲ್ಲ. ಓತಿಕ್ಯಾತನ ಮೇಲೆ ಎರಗಿ ಬೇಲಿಗೆ ಬಡಿದುಕೊಂಡಿತು. ಗುಬ್ಬಿಗಳ ಹಿಂದೆ ಹೋಗಿ ಕಬ್ಬಿನ ರವದಿಯ ಒಣಗರಿಗಳಲ್ಲಿ ಸಿಕ್ಕಿಕೊಂಡು, ತಪ್ಪು ಕಬ್ಬಿನದೇ ಎಂಬಂತೆ ಕಿರುಚಿತು. ಒಂದು ಮುಂಜಾನೆ ಕಬ್ಬು ಕಡಿದ ಹೊಲದಲ್ಲಿ ಇಲಿಯೊಂದು ಓಡಿತು. ಗಿಡುಗ ನೆಲಕ್ಕೆ ತಾಗುವಷ್ಟು ಕೆಳಗೆ ಸರ್ರನೆ ಹೋಗಿ ಎರಡೂ ಕಾಲು ಚಾಚಿತು.

“ಹಿಡೀತು! ಹಿಡೀತಬೇ ಶೇವಂತಿ! ಬಿಡಬ್ಯಾಡೋ, ಗಟ್ಟಿ ಹಿಡಿ!” ಅನಸವ್ವ ಎದ್ದು ನಿಂತು ಕೇಕೆ ಹಾಕಿದಳು. ಮರುಕ್ಷಣವೇ ಬಾಯಿಗೆ ಕೈ ಮುಚ್ಚಿಕೊಂಡು, “ಶಿವ ಶಿವಾ” ಎಂದಳು. ದಶರಥ ಹೊಟ್ಟೆ ಹಿಡಿದುಕೊಂಡು ನಕ್ಕ. ಮುದುಕಿಯೂ ನಕ್ಕುಬಿಟ್ಟಳು.

ಬರಬರುತ್ತ ಅದು ಮುಷ್ಟಿಗೆ ಬಂದು ಕೂತರೂ ಶೇವಂತಿಯ ಕೈತುತ್ತು ಮುಟ್ಟುವುದನ್ನೇ ಬಿಟ್ಟಿತು. ಬೇಟೆಯಿಂದಲೇ ಹೊಟ್ಟೆ ತುಂಬುತ್ತಿತ್ತು. ಆಗ ದಶರಥ ಕಾಲಿನ ಪಟ್ಟಿ ಕತ್ತರಿಸಿದ. ಶೇವಂತಿ ಅದರ ಎದೆಯನ್ನು ಒಮ್ಮೆ ಬೆರಳಿನಿಂದ ಸವರಿ ಕೈ ಮೇಲೆತ್ತಿದಳು. ಗಿಡುಗ ಕಬ್ಬಿನ ತೋಟ ದಾಟಿ, ಏರುತ್ತ ಏರುತ್ತ ಚುಕ್ಕೆಯಾಯಿತು. ಅವಳ ಮುಖದಲ್ಲಿ ನಗು ಆರಲಿಲ್ಲ.

ಮನೆಗೆ ಮರಳುವ ಬಸ್ಸಿನಲ್ಲಿ ಅತ್ತೆ ಸೊಸೆಯರ ಪಕ್ಕ ಕೂತಿದ್ದ ಹೆಂಗಸು, “ಏನ್ರಿ, ಭಾಳ ಖುಷಿ ಅದೀರಿ, ಲಗ್ನಕ್ಕ ಹೋಗಿದ್ರೇನು?” ಎಂದು ಕೇಳಿದ್ದೇ ಸಾಕಾಯಿತು. ಶೇವಂತಿ ಶುರು ಮಾಡಿದಳು. ಅನಸವ್ವ ನಡುನಡುವೆ, “ಹಂಗಲ್ಲ, ನಾ ಹೇಳ್ತೀನಿ ತಡಿ” ಎಂದು ತಿದ್ದಿದಳು. ಮುಂದಿನ ಸೀಟಿನವರು ತಿರುಗಿ ಕೂತರು. ಬನಹಟ್ಟಿಯಲ್ಲಿ ಇಳಿಯಬೇಕಿದ್ದ ಒಬ್ಬರು, “ಇಲಿ ಹಿಡೀತೋ ಇಲ್ಲೋ, ಅದನ್ನಷ್ಟ ಹೇಳ್ರಿ” ಎಂದು ಬಾಗಿಲಲ್ಲೇ ನಿಂತುಬಿಟ್ಟರು.