ಮೂರನೆಯ ದ್ವೀಪದ ಅಜ್ಜಿ

ಪಿರೆಯಸ್ ಬಂದರಿನಿಂದ ಬೆಳಿಗ್ಗೆ ಹೊರಟು, ಈದ್ರಾ, ಪೋರೊಸ್, ಏಯಿನಾ ಎಂಬ ಮೂರು ದ್ವೀಪಗಳನ್ನು ಮುಟ್ಟಿಸಿ, ಹೊತ್ತು ಮುಳುಗುವುದರೊಳಗೆ ಪ್ರವಾಸಿಗಳನ್ನು ವಾಪಸು ತಂದು ಇಳಿಸುವ ಹಡಗು ನಮ್ಮದು. ಹೆಸರು ‘ಗಾಲಿನಿ’. ಅಂದರೆ ಪ್ರಶಾಂತಿ. ಹಡಗಿನಲ್ಲಿ ಸಿಗದಿರುವುದು ಅದೊಂದೇ.

ನಾನು ಝೀಸಿಮೋಸ್, ಹಡಗಿನ ಮೈಕಿನವನು. ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಗ್ರೀಕ್ ಓದಿ ಬಂದು, ‘ಶೌಚಾಲಯ ಕೆಳಗಿನ ಅಂತಸ್ತಿನಲ್ಲಿದೆ’ ಎಂಬ ಒಂದೇ ವಾಕ್ಯವನ್ನು ಹಲವು ಭಾಷೆಗಳಲ್ಲಿ ಪಠಿಸುತ್ತೇನೆ. ಜರ್ಮನ್ನರಿಗೆ ಜರ್ಮನ್ನರ ಗಂಟಲಿನಲ್ಲಿ, ಫ್ರೆಂಚರಿಗೆ ಅವರ ಮೂಗಿನಲ್ಲಿ ಹೇಳುತ್ತೇನೆ. ನನ್ನ ಅನುಕರಣೆಗಳಲ್ಲೆಲ್ಲ ಶ್ರೇಷ್ಠವಾದದ್ದು ನಮ್ಮ ಕ್ಯಾಪ್ಟನ್ ಅರ್ಗಿರಿಸ್‌ನದು. ಜಲ್ಲಿಕಲ್ಲಿನ ಮೇಲೆ ಸರಪಳಿ ಎಳೆದಂಥ ಆ ದನಿಯನ್ನು ನಾನು ಎಷ್ಟು ಚೆನ್ನಾಗಿ ಹಿಡಿದಿದ್ದೇನೆಂದರೆ, ಒಮ್ಮೆ ತಮಾಷೆಗೆ “ಹಿಂದಕ್ಕೆ ತಗೊಳ್ರೋ” ಎಂದಾಗ ಎಂಜಿನ್ ಕೋಣೆಯವರು ನಿಜವಾಗಿಯೂ ಹಿಂದಕ್ಕೆ ತೆಗೆದುಕೊಂಡಿದ್ದರು. ಬೇರೆಯವನಾಗಿದ್ದರೆ ಅವತ್ತೇ ಕೆಲಸ ಹೋಗುತ್ತಿತ್ತು. ಆದರೆ ಅರ್ಗಿರಿಸ್ ನನ್ನ ನೂನೋಸ್: ಚರ್ಚಿನಲ್ಲಿ ಕೂಸಿಗೆ ಎಣ್ಣೆ ಹಚ್ಚಿ, ಜ್ಞಾನಸ್ನಾನದ ತೊಟ್ಟಿಯಿಂದ ಎತ್ತಿಕೊಂಡು, ಹೆಸರಿಟ್ಟವನು. ಅಪ್ಪನಿಗಿಂತ ಒಂದು ಗೇಣು ಮೇಲೆ. ಅವನನ್ನು ನಾನು ಕರೆಯುವುದು ‘ನೂನೆ’ ಎಂದೇ.

ಅವತ್ತು ಬೆಳಿಗ್ಗೆ ಕಾಫಿ ಹಿಡಿದು ಮೇಲಿನ ಚುಕ್ಕಾಣಿ ಕೋಣೆಗೆ ಹೋದರೆ, ನೂನೆ ಗಡ್ಡ ಬೋಳಿಸಿಕೊಂಡು ಇಸ್ತ್ರಿ ಹಾಕಿದ ಬಿಳಿ ಶರ್ಟಿನಲ್ಲಿ ನಿಂತಿದ್ದ.

“ಹೇಗಿದೆ ಶರ್ಟು?”

“ಮದುವೆ ನಂದಾ ನಿಮ್ದಾ ನೂನೆ?”

“ನಿಂದೇ ಕಣೋ. ಆದ್ರೆ ಕಿರೀಟ ಬದಲಾಯಿಸೋನು ನಾನು. ಹುಡುಗಿ ಅಜ್ಜಿ ಊಟಕ್ಕೆ ಕರೆದಿರೋದೂ ನನ್ನನ್ನ. ನಿನ್ನನ್ನ ಯಾರು ಕೇಳ್ತಾರೆ?”

ಮಾತು ನಿಜ. ನಮ್ಮಲ್ಲಿ ಮದುಮಕ್ಕಳ ತಲೆಯ ಮೇಲಿನ ಹೂಕಿರೀಟಗಳನ್ನು ಅದಲುಬದಲು ಮಾಡುವ ಹಕ್ಕು ಮೊದಲು ಗಂಡಿನ ನೂನೋಸ್‌ಗೆ. ಏಯಿನಾದಲ್ಲಿ ಪಿಸ್ತಾ ಅಂಗಡಿ ಇಟ್ಟುಕೊಂಡಿರುವ ಮಿರ್ಸಿನಿ ನನ್ನನ್ನು ಒಪ್ಪಿದ್ದಳು. ಅವಳನ್ನು ಸಾಕಿದ ಅಜ್ಜಿ ಕಲ್ಲಿರೊಯ್ ಒಪ್ಪುವ ಮುಂಚೆ, ‘ಕಿರೀಟ ಹಿಡಿಯೋನ ಮುಖ ನೋಡ್ಬೇಕು’ ಎಂದು ಪಟ್ಟು ಹಿಡಿದಿದ್ದಳು. ಏಯಿನಾ ನಮ್ಮ ಮೂರನೆಯ ದ್ವೀಪ. ಜನ ಅಲ್ಲಿ ಇಳಿದು ಅಡ್ಡಾಡುವ ಹೊತ್ತಿನಲ್ಲಿ ಅಜ್ಜಿಯ ಮನೆಗೆ ಹೋಗಿ ಬರುವುದೆಂದು ನಿಶ್ಚಯವಾಗಿತ್ತು.

“ನಾನು ಗಂಡುಮಕ್ಕಳಿಗೆ ಮಾತ್ರ ಯಾಕೆ ನೂನೋಸ್ ಆಗೋದು ಹೇಳು?” ಎಂದ ಕ್ಯಾಪ್ಟನ್, ಹಡಗನ್ನು ಬಂದರಿನ ಬಾಯಿಂದ ಹೊರಗೆ ತಿರುಗಿಸುತ್ತ. “ಒಂದೇ ಕೈಯಲ್ಲಿ ಜ್ಞಾನಸ್ನಾನ ಆದ ಹುಡುಗ ಹುಡುಗಿ ಅಣ್ಣ ತಂಗಿ ಆಗ್ಬಿಡ್ತಾರೆ. ಆಮೇಲೆ ಪ್ರೀತಿ ಗೀತಿ ಅಂದ್ರೆ ಊರೆಲ್ಲ ಗಲಾಟೆ. ನನ್ನ ಹುಡುಗ್ರು ಯಾವ ದ್ವೀಪದ ಯಾವ ಹುಡುಗೀನ ಬೇಕಾದ್ರೂ ಕಟ್ಕೋಬಹುದು. ದಾರಿ ಸಾಫು.”

“ಒಂದೇ ಒಂದು ಹೆಣ್ಣುಮಗೂನೂ ಇಲ್ವಾ?”

ಸುಮ್ಮನೆ ಕೇಳಿದೆ. ಕೇಳಬಾರದಿತ್ತು. ಅವನು ಕಾಫಿಯನ್ನು ಒಂದು ಗುಟುಕು ಕುಡಿದು, ಕಪ್ಪನ್ನು ಕೆಳಗಿಡದೆ ಕೈಯಲ್ಲೇ ಹಿಡಿದುಕೊಂಡ.

“ಒಂದಿದೆ. ಲೆಕ್ಕಕ್ಕಿಲ್ಲದ್ದು. ಏಯಿನಾದಿಂದ ಪಿರೆಯಸ್ ಆಸ್ಪತ್ರೆಗೆ ಒಂದು ಕೂಸನ್ನ ಹೊತ್ಕೊಂಡು ಬಂದಿದ್ರು. ನಾನಾಗ ಆ ದೋಣಿಯಲ್ಲಿ ಹಗ್ಗ ಎಸೆಯೋನು. ನಡುನೀರಲ್ಲಿ ಕೂಸು ನೀಲಿ ತಿರುಗಿಬಿಡ್ತು. ಪಾದ್ರಿ ಎಲ್ಲಿಂದ ತರೋದು? ಜ್ಞಾನಸ್ನಾನ ಆಗದೆ ಸಾಯಬಾರದು ಅಂತ ನಾನೇ ಎತ್ಕೊಂಡು ಗಾಳಿಯಲ್ಲಿ ಮೇಲಕ್ಕೆ ಹಿಡಿದೆ. ಮೂರು ಸಲ. ಬಾಯಿಗೆ ಬಂದ ಹೆಸರು ಕೂಗ್ದೆ. ಮರಿಯಾ ಅಂತ. ಜೊತೆಗಿದ್ದ ಹೆಂಗಸು ಪ್ರಜ್ಞೆ ತಪ್ಪಿ ಬಿದ್ದಿದ್ಲು. ದಡದಲ್ಲಿ ಇಬ್ಬರನ್ನೂ ಆಂಬುಲೆನ್ಸಿಗೆ ಹಾಕಿದ್ರು. ಅದೇ ವಾರ ನಾನು ತೈಲದ ಹಡಗು ಹತ್ತಿ ಹೊರಟೋದೆ.” ಕಪ್ಪನ್ನು ಕಿಟಕಿಯ ಅಂಚಿನಲ್ಲಿಟ್ಟ. “ಬದುಕ್ತೋ ಇಲ್ವೋ ಅಂತ ಇವತ್ತಿಗೂ ಗೊತ್ತಿಲ್ಲ ಮಗಾ. ಈ ನೀರು ದಾಟೋವಾಗೆಲ್ಲ ನೆನಪಾಗುತ್ತೆ.”

ನನಗೆ ಗೊತ್ತಿತ್ತು. ಇದೇ ಕತೆಯನ್ನು ನಾನು ಇನ್ನೊಂದು ದಡದಿಂದ, ಮಿರ್ಸಿನಿಯ ಅಜ್ಜಿಯಿಂದ ಕೇಳಿದ್ದೆ. ಪ್ರಜ್ಞೆ ತಪ್ಪಿದ್ದ ಹೆಂಗಸು ಅವಳೇ; ಎತ್ತಿದ್ದೂ, ಕೂಗಿದ ಹೆಸರೂ ಅವಳಿಗೆ ಆಮೇಲೆ ದೋಣಿಯವರಿಂದ ತಿಳಿದದ್ದು. ಚರ್ಚಿನಲ್ಲಿ ಆಮೇಲೆ ಪಾದ್ರಿ ಮಿರ್ಸಿನಿ ಎಂದು ಹೆಸರಿಟ್ಟರೂ, ಸಿಟ್ಟು ಬಂದಾಗ ಅಜ್ಜಿ ಅವಳನ್ನು ಕರೆಯುವುದು ‘ಮರಿಯಾ’ ಎಂದು. ಗಾಳಿಯಲ್ಲಿ ಎತ್ತಿದ ಆ ನಾವಿಕನೇ ಅವಳ ನಿಜವಾದ ನೂನೋಸ್, ಚರ್ಚಿನಲ್ಲಿ ನಿಂತ ಅತ್ತೆ ಬರೀ ಸಾಕ್ಷಿ, ಎನ್ನುವುದು ಅಜ್ಜಿಯ ತೀರ್ಪು. ಮುಖವೇ ಕಾಣದ ಆ ಮನುಷ್ಯನಿಗಾಗಿ ಪ್ರತಿ ಭಾನುವಾರ ಮೇಣದ ಬತ್ತಿ ಹಚ್ಚುತ್ತಾಳೆ. ಅಣ್ಣ ತಂಗಿ ವಿಷಯದಲ್ಲಂತೂ ಅವಳ ಜೊತೆ ವಾದ ಬೇಡ. ಸ್ವಂತ ತಮ್ಮನ ಮದುವೆಯನ್ನೇ ಇದೇ ಕಾರಣಕ್ಕೆ ಚರ್ಚಿನ ಮೆಟ್ಟಿಲಿನಿಂದ ವಾಪಸು ಕಳಿಸಿದವಳು. ‘ಪುಸ್ತಕದಲ್ಲಿ ಹಾಗೇನಿಲ್ಲ’ ಎಂದ ಪಾದ್ರಿಗೆ, ಪುಸ್ತಕ ತಿದ್ದಿಸು ಎಂದಿದ್ದಳಂತೆ.

‘ಆ ಮಗು ಬದುಕಿದೆ ನೂನೆ, ಸೆಪ್ಟೆಂಬರಿನಲ್ಲಿ ನನ್ನನ್ನೇ ಮದುವೆಯಾಗುತ್ತದೆ’ ಎಂಬ ಮಾತು ಹಲ್ಲಿನ ತನಕ ಬಂತು. ಹಲ್ಲು ಕಚ್ಚಿದೆ. ಇಬ್ಬರೂ ಎದುರುಬದುರು ಕೂತರೆ ಅಜ್ಜಿ ದೋಣಿಯ ಕತೆ ತೆಗೆಯದೆ ಇರುವುದಿಲ್ಲ. ಹೊಸಬರ ಮುಂದೆ ಅವಳು ಮೊದಲು ತೆಗೆಯುವುದೇ ಅದನ್ನು. ತೆಗೆದಳೋ, ನನ್ನ ಮದುವೆ ಮುಳುಗಿತು.

ಸಮುದ್ರದಲ್ಲಿ ಆ ದಿನ ಅಲೆ ಇರಲಿಲ್ಲ. ಅಲೆದಾಟವೆಲ್ಲ ನನ್ನದೇ. ಮೇಲಿನ ಅಂತಸ್ತಿಗೆ ಹೋದೆ, ಕೆಳಗಿಳಿದೆ, ಕೂತೆ, ಕುರ್ಚಿ ಚುಚ್ಚಿದಂತಾಗಿ ಎದ್ದೆ. ಪ್ರವಾಸಿಗಳಿಗೆ ಹೆಗಲ ಮೇಲೆ ಕೈ ಹಾಕಿಕೊಂಡು ಕುಣಿಯುವುದನ್ನು ಕಲಿಸುವಾಗ ಎಡಗಾಲು ಬಲಗಾಲು ಅದಲುಬದಲಾಗಿ ಒಬ್ಬ ಸ್ವೀಡನ್ ಅಜ್ಜನನ್ನು ಕಂಬಕ್ಕೆ ಗುದ್ದಿಸಿದೆ. ಈದ್ರಾದಲ್ಲಿ ಜನ ಕತ್ತೆಗಳ ಫೋಟೊ ತೆಗೆಯಲು ಇಳಿದಾಗ ಮತ್ತೆ ಮೇಲೆ ಓಡಿದೆ.

“ನೂನೆ, ಮಧ್ಯಾಹ್ನ ಗಾಳಿ ಏಳುತ್ತಂತೆ. ಏಯಿನಾದಲ್ಲಿ ನೀವು ಹಡಗು ಬಿಟ್ಟು ಹೋಗೋದು ಬೇಡ.”

ಕ್ಯಾಪ್ಟನ್ ಹುಬ್ಬು ಮೇಲೆತ್ತಿ “ತ್ಸು” ಎಂದ. ನಮ್ಮಲ್ಲಿ ಅದಕ್ಕಿಂತ ದೊಡ್ಡ ‘ಇಲ್ಲ’ ಇಲ್ಲ.

“ನನಗೆ ನೀನು ಗಾಳಿ ಹೇಳಿಕೊಡ್ತೀಯಾ? ನಿನಗೆ ಮದುವೆ ಅಂದ್ರೆ ಕಾಲು ನಡುಗ್ತಿದೆ, ಅಷ್ಟೆ. ಹೋಗು, ನೀರು ಕುಡಿ.”

ಹಡಗಿನಲ್ಲಿ ಅಡಗಲು ಜಾಗವಿಲ್ಲ ಎನ್ನುವುದು ಸುಳ್ಳು. ಹಿಂಭಾಗದಲ್ಲಿ ಹಗ್ಗ ತುಂಬಿಡುವ ಗೂಡೊಂದಿದೆ. ಪೋರೊಸ್‌ನ ಕಿರಿದಾದ ನೀರಿನಲ್ಲಿ ಹಡಗು ನಿಧಾನವಾದಾಗ ನಾನು ಅದರೊಳಗೆ ನುಗ್ಗಿ, ಬಾಗಿಲು ಎಳೆದುಕೊಂಡು, ಅಜ್ಜಿಗೆ ಫೋನ್ ಮಾಡಿದೆ. ಗಂಟಲಿನಲ್ಲಿ ಜಲ್ಲಿಕಲ್ಲು ತುಂಬಿಕೊಂಡೆ.

“ಕಲ್ಲಿರೊಯ್ ಅಮ್ಮನವರಾ? ನಾನು ಕ್ಯಾಪ್ಟನ್ ಅರ್ಗಿರಿಸ್.”

“ಹೇಳು ಕ್ಯಾಪ್ಟನ್. ಆಕ್ಟೋಪಸ್ ಬೇಯ್ತಾ ಇದೆ.”

“ಏನು ಹೇಳಲಮ್ಮ, ಎಂಜಿನ್ ಕೆಮ್ತಾ ಇದೆ. ಹಡಗು ಬಿಟ್ಟು ಬರೋ ಹಾಗಿಲ್ಲ. ಇನ್ನೊಂದು ದಿನ ನೋಡೋಣ.”

ಆ ಕಡೆ ಪಾತ್ರೆಯ ಮುಚ್ಚಳ ಸದ್ದಾಯಿತು.

“ನಿನ್ನ ಹಡಗಿಗೆ ಕಾಲಿಲ್ಲ, ನನಗಿದೆ. ನಾನೇ ಬರ್ತೀನಿ.”

“ಅಯ್ಯೋ, ಬಿಸಿಲು ಅಮ್ಮ…”

“ಬಿಸಿಲು ನನಗೆ ನಿನಗಿಂತ ಹಳೇ ಪರಿಚಯ,” ಎಂದು ಫೋನ್ ಇಟ್ಟಳು.

ಗೂಡಿನಿಂದ ಹೊರಬಂದವನು ಪೋರೊಸ್ ಬಗ್ಗೆ ಮೈಕಿನಲ್ಲಿ ಏನು ಹೇಳಿದೆನೋ ದೇವರೇ ಬಲ್ಲ. ಇಳಿದವರಲ್ಲಿ ಒಬ್ಬಾಕೆ, ಏಯಿನಾದಲ್ಲಿ ಮಾತ್ರ ಇರುವ ಪಿಸ್ತಾ ತೋಟ ಇಲ್ಲೆಲ್ಲಿ ಎಂದು ನಿಂಬೆ ಮಾರುವವನನ್ನು ಕೇಳುತ್ತಿದ್ದಳು.

ಏಯಿನಾ ಬಂತು. ಜನ ಇಳಿದು ಖಾಲಿಯಾದ ಮೇಲೆ ಇಳಿಹಲಗೆಯ ಈ ತುದಿಯಲ್ಲಿ ಬಿಳಿ ಶರ್ಟಿನ ಕ್ಯಾಪ್ಟನ್, ಆ ತುದಿಯಲ್ಲಿ ಕಪ್ಪು ಉಡುಪಿನ ಅಜ್ಜಿ. ಅವಳ ಒಂದು ಕೈಯಲ್ಲಿ ಹಸಿ ಪಿಸ್ತಾದ ಸಕ್ಕರೆ ಪಾಕದ ಜಾಡಿ, ಇನ್ನೊಂದು ಕೈ ಮಿರ್ಸಿನಿಯ ತೋಳಿನಲ್ಲಿ. ಕ್ಯಾಪ್ಟನ್ ಇಲ್ಲಿಂದಲೇ ನಮಸ್ಕಾರ ಕೂಗಿದ.

“ಎಂಜಿನ್ ಕೆಮ್ಮು ವಾಸಿಯಾಯ್ತಾ?” ಎಂದಳು ಅಜ್ಜಿ. “ನಿನ್ನ ಗಂಟಲೂ ವಾಸಿಯಾದ ಹಾಗಿದೆ. ಫೋನಲ್ಲಿ ಕಪ್ಪೆ ತರ ಇತ್ತು.”

ಕ್ಯಾಪ್ಟನ್ ತಿರುಗಿ ನನ್ನನ್ನು ನೋಡಿದ. ನಾನು ಸಮುದ್ರವನ್ನು ನೋಡಿದೆ.

“ಈಗ ಪರವಾಗಿಲ್ಲ ಅಮ್ಮ. ಬನ್ನಿ,” ಎಂದ ಅವನು.

ಖಾಲಿ ಊಟದ ಹಾಲಿನಲ್ಲಿ ಕೂತೆವು. ಮಿರ್ಸಿನಿ ಮೇಜಿನ ಕೆಳಗೆ ನನ್ನ ಮೊಣಕಾಲನ್ನು ಒತ್ತಿ ಹಿಡಿದು, “ಯಾಕೆ ಕುದುರೆ ತರ ಕಾಲು ಕುಟ್ತೀಯಾ?” ಎಂದು ಪಿಸುಗುಟ್ಟಿದಳು. ಅಜ್ಜಿ ಒಂದು ಚಮಚ ಪಾಕವನ್ನು ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ನೀರಿಟ್ಟು, ಕ್ಯಾಪ್ಟನ್ ಮುಂದೆ ಸರಿಸಿದಳು. ಅವನು ತಿಂದು ನೀರು ಕುಡಿಯುವ ತನಕ ಕಾದಳು. ಆಮೇಲೆ ನಾನು ಹೆದರಿದ್ದಂತೆಯೇ ಶುರು ಮಾಡಿದಳು.

“ಹುಡುಗೀನ ನೋಡ್ಕೋ ಕ್ಯಾಪ್ಟನ್. ಇದು ಸತ್ತು ಬದುಕಿದ ಕೂಸು. ಆಸ್ಪತ್ರೆಗೆ ಒಯ್ಯೋವಾಗ ದೋಣಿಯಲ್ಲೇ ಉಸಿರು ನಿಂತು, ಯಾರೋ ಹುಡುಗ, ದೇವರು ಅವನ ಕೈ ತಂಪಾಗಿಡಲಿ, ಗಾಳಿಯಲ್ಲಿ ಎತ್ತಿ—”

“ಮರಿಯಾ,” ಎಂದ ಕ್ಯಾಪ್ಟನ್.

ಹೆಸರು ಅವನ ಬಾಯಿಂದ ಜಾರಿತು. ಅಜ್ಜಿಯ ಚಮಚ ಜಾಡಿಯಲ್ಲೇ ನಿಂತಿತು. ಕ್ಯಾಪ್ಟನ್ ಎದ್ದು ಮಿರ್ಸಿನಿಯ ಎದುರು ನಿಂತು, ಎತ್ತಲು ಹೊರಟವನಂತೆ ಎರಡೂ ಕೈ ಮುಂದೆ ಚಾಚಿ, ಅವಳ ಎತ್ತರ ನೋಡಿ ಹಾಗೆಯೇ ಕೆಳಗಿಳಿಸಿದ. “ಬದುಕಿದೆ,” ಎಂದ. ಅಜ್ಜಿ ಮೇಜು ಸುತ್ತಿ ಬಂದು ಆ ಕೈಗಳನ್ನು ಹಿಡಿದು ಒಂದೊಂದಕ್ಕೂ ಮುತ್ತಿಟ್ಟಳು. ಮಿರ್ಸಿನಿ ಅಳುತ್ತಿದ್ದಳು. ನಾನೊಬ್ಬನೇ ಬಾಗಿಲ ಕಡೆ ನೋಡುತ್ತಿದ್ದೆ.

ಮುತ್ತಿಡುವುದು ಮುಗಿಯಿತು. ಅಜ್ಜಿ ಕೈ ಬಿಡದೆ ನನ್ನ ಕಡೆ ತಿರುಗಿದಳು.

“ಇವಳನ್ನ ಎತ್ತಿದೋನು ನೀನು. ಇವನನ್ನ ತೊಟ್ಟಿಯಿಂದ ಎತ್ತಿದೋನೂ ನೀನೇನಾ?”

ಕ್ಯಾಪ್ಟನ್ ನನ್ನನ್ನೇ ನೋಡಿದ. ಗಾಳಿ ಏಳುತ್ತದೆಂದು ನಾನು ಅಡ್ಡ ಹಾಕಿದ್ದು, ಕಪ್ಪೆ ದನಿಯ ಫೋನು, ಎಲ್ಲವೂ ಅವನ ಮುಖದ ಮೇಲೆ ಒಂದೊಂದಾಗಿ ಬಂದು ಕೂತವು. ಆ ಮಗು ಬದುಕಿದೆಯೆಂದು ಬೆಳಿಗ್ಗೆಯಿಂದ ಗೊತ್ತಿದ್ದೂ ನಾನು ಹೇಳಲಿಲ್ಲ ಎಂಬುದು ಕೊನೆಗೆ ಬಂತು. ಅದು ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು.

“ಇವನನ್ನಾ? ಇಲ್ಲಮ್ಮ,” ಎಂದ. “ಅವತ್ತು ನಾನು ಬರಬೇಕಿತ್ತು. ಗಾಳಿ ಎದ್ದು ಹಡಗುಗಳನ್ನೆಲ್ಲ ಬಂದರಿನಲ್ಲೇ ಕಟ್ಟಿಹಾಕಿದ್ರು. ಇವನ ಸೋದರಮಾವ ನಿಂತು ಎಣ್ಣೆ ಹಚ್ಚಿದ. ನಾನು ಶಿಲುಬೆ, ಬಟ್ಟೆ ಕಳಿಸಿದ್ದೆ, ಅಷ್ಟೆ. ಹುಡುಗ ಪ್ರೀತಿಗೆ ನೂನೆ ಅಂತಾನೆ.”

ಆ ದನಿ ನನಗೆ ಗೊತ್ತು. ಹಡಗು ಪಲ್ಟಿ ಹೊಡೆಯುವಂತಿರುವಾಗ ‘ಸಣ್ಣ ಅಲೆ, ಏನೂ ಇಲ್ಲ’ ಎಂದು ಪ್ರವಾಸಿಗಳಿಗೆ ಹೇಳುವ ದನಿ ಅದು. ನನ್ನಮ್ಮನ ಮನೆಯಲ್ಲಿ ಒಂದು ಫೋಟೊ ಇದೆ. ನಾನು ಬೆತ್ತಲೆ, ಬಾಯಿ ಅಗಲಿಸಿ ಅಳುತ್ತಿದ್ದೇನೆ. ಅಂಗಿಯ ತೋಳು ಮಡಚಿದ ಅರ್ಗಿರಿಸ್ ಮೊಣಕೈ ತನಕ ಎಣ್ಣೆಯಾಗಿ ನನ್ನನ್ನು ಎತ್ತಿ ಹಿಡಿದಿದ್ದಾನೆ. ಹಿಂದೆ ಚರ್ಚಿನ ಬಾಗಿಲಾಚೆ ಸಮುದ್ರ, ಕನ್ನಡಿ ಹಾಸಿದಂತೆ. ಗಾಳಿಯ ಸುಳಿವೇ ಇಲ್ಲ.

“ಶಿಲುಬೆ ಗುರುತು ಹಾಕಿ ಹೇಳು,” ಎಂದಳು ಅಜ್ಜಿ.

ಕ್ಯಾಪ್ಟನ್‌ನ ಬಲಗೈ ಹಣೆಯ ತನಕ ಹೋಯಿತು. ಅಲ್ಲಿಂದ ಮುಂದೆ ಎದೆಗೆ ಇಳಿಯಲಿಲ್ಲ. ಟೋಪಿಯನ್ನು ಸರಿಮಾಡಿಕೊಂಡು ಮೇಜಿನ ಮೇಲೆ ಬಂದು ಕೂತಿತು.

ಅಜ್ಜಿ ಆ ಕೈಯನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಮೊಮ್ಮಗಳ ಮುಖ ನೋಡಿದಳು. ಜಾಡಿಯ ಮುಚ್ಚಳ ಹಾಕಿ ತಿರುಪಿದಳು, ಬಿಚ್ಚಿ ಮತ್ತೆ ತಿರುಪಿದಳು.

“ಗಾಳಿ ಇತ್ತು ಅಂದ್ರೆ ಇತ್ತು,” ಎಂದಳು. “ಸಮುದ್ರದ ವಿಷಯ ನಾನು ಕ್ಯಾಪ್ಟನ್‌ಗೆ ಹೇಳಿಕೊಡೋಕಾಗುತ್ತಾ? ಕಿರೀಟ ನೀನೇ ಹಿಡಿ, ಹೆಣ್ಣಿನ ಕಡೆಯಿಂದ.” ಬೆರಳು ನನ್ನತ್ತ ತಿರುಗಿತು. “ಲೋ ಅಳಿಯ. ಇವನು ನನ್ನ ಹುಡುಗಿಯ ನೂನೋಸ್. ನಿನ್ನ ಬಾಯಿಂದ ನೂನೆ ಅನ್ನೋ ಮಾತು ಇನ್ನೊಂದ್ಸಲ ಬಂತು ಅಂತ ನನ್ನ ಕಿವಿಗೆ ಬಿತ್ತೋ, ಮದುವೆ ಇಲ್ಲ. ಮದುವೆ ಆದ ಮೇಲೆ ಬಿದ್ರೂ ಆ ಮದುವೆ ಇಲ್ಲ. ತಿಳೀತಾ?”

“ತಿಳೀತು ಅಜ್ಜಿ.”

“ಫ್ತು, ಫ್ತು, ಫ್ತು,” ಎಂದು ದೃಷ್ಟಿ ತಾಗದಂತೆ ಮೂವರ ಮೇಲೂ ಉಗುಳಿದಂತೆ ಮಾಡಿ, ಆಕ್ಟೋಪಸ್ ತಳ ಹಿಡಿಯುತ್ತದೆಂದು ಎದ್ದಳು.

ವಾಪಸು ಹೊರಟಾಗ ಮಿರ್ಸಿನಿ ದಡದಲ್ಲಿ ನಿಂತು ಕೈ ಬೀಸಿದಳು. ಬೀಸಿದ್ದು ನನಗೋ ಮೇಲಿನ ಕೋಣೆಗೋ ಗೊತ್ತಾಗಲಿಲ್ಲ. ಗೆದ್ದವನು ನಾನು. ಆದರೂ ಕೂರಲಾಗಲಿಲ್ಲ. ಮುಂಭಾಗಕ್ಕೆ ಹೋದೆ, ಹಿಂಭಾಗಕ್ಕೆ ಬಂದೆ, ಕೊನೆಗೆ ಸಕ್ಕರೆ ಹಾಕದ ಕಾಫಿ ಮಾಡಿಸಿಕೊಂಡು ಮೇಲೆ ಹತ್ತಿದೆ.

“ನೂ…” ಎಂದೆ. ನಿಲ್ಲಿಸಿದೆ. “ಕ್ಯಾಪ್ಟನ್.”

“ಏನು ಅನೌನ್ಸರ್?” ಅವನು ನೀರಿನಿಂದ ಕಣ್ಣು ತೆಗೆಯಲಿಲ್ಲ.

“ಕಾಫಿ.”

“ಇಡು.”

ಇಟ್ಟೆ. ಅವನು ಮುಟ್ಟಲಿಲ್ಲ. ಪಿರೆಯಸ್‌ನ ಕ್ರೇನುಗಳು ದೂರದಲ್ಲಿ ಕಾಣಿಸತೊಡಗಿದವು.

“ಬೆಳಿಗ್ಗೆನೇ ಹೇಳ್ಬಹುದಿತ್ತು,” ಎಂದ. “ಮೂರು ದ್ವೀಪದಷ್ಟು ಮೊದಲೇ ಖುಷಿ ಪಡ್ತಿದ್ದೆ.”

ಮೈಕು ಕೈಗೆತ್ತಿಕೊಂಡೆ, ಸಾಮಾನು ಮರೆಯಬೇಡಿ ಎಂದು ಹೇಳುವ ಹೊತ್ತಾಗಿತ್ತು. ಗುಂಡಿ ಒತ್ತುವ ಮುಂಚೆ ನನಗೇ ಗೊತ್ತಿಲ್ಲದೆ ಗಂಟಲಿನೊಳಗೆ ಜಲ್ಲಿಕಲ್ಲು ಉರುಳಿತು. ಮೈಕಿಗಲ್ಲ, ಆ ಕೋಣೆಗೆ ಮಾತ್ರ, ಅವನದೇ ದನಿಯಲ್ಲಿ ಹೇಳಿದೆ:

“ಮಗಾ, ಕಾಫಿ ಆರ್ತಾ ಇದೆ.”

ಚುಕ್ಕಾಣಿಯ ಮೇಲಿನ ಒಂದು ಕೈ ಸಡಿಲವಾಯಿತು. ಅವನು ಕಪ್ಪು ತೆಗೆದುಕೊಂಡು ಕುಡಿದ. ನಾನು ಗುಂಡಿ ಒತ್ತಿ, ಸಾಮಾನು ಮರೆಯಬೇಡಿ ಎಂದು ಎಲ್ಲ ಭಾಷೆಗಳಲ್ಲೂ ಹೇಳಿದೆ.