ಇವಳು ಅಂದರೆ ಯಾರು?

"ಅಯ್ಯೋ, ಹಾಗೆ ಕೆಳಗಿಂದ ಮೇಲಕ್ಕೆ ಎಳೀಬೇಡ, ಅವರಿಗೆ ಗಾಯ ಆಗುತ್ತೆ," ಎಂದು ಅವಳು ಮೈದುನನ ಕೈ ಹಿಡಿದಳು. ರೇಜರ್ ಗಂಡನ ಬಲಗೆನ್ನೆಯ ಮೇಲೆ ನಿಂತಿತು.

"ಅತ್ತಿಗೆ, ಇನ್ನೆಲ್ಲಿಯ ಗಾಯ," ಎಂದ ಮೈದುನ ಮೆಲ್ಲಗೆ. ಅಣ್ಣ ತಮ್ಮ ಇಬ್ಬರೂ ಒಂದೇ ಅಂಗಡಿಯ ಅಕ್ಕಪಕ್ಕದ ಕುರ್ಚಿಗಳಲ್ಲಿ ಊರವರ ಕೂದಲು ಕತ್ತರಿಸಿದವರು. ಅಣ್ಣನ ಕೊನೆಯ ಶೇವಿಂಗ್ ತಾನೇ ಮಾಡಬೇಕೆಂದು ತಮ್ಮ ಬೆಳಿಗ್ಗೆಯಿಂದ ಹಟ ಹಿಡಿದಿದ್ದ. "ನೀವು ಹೋಗಿ ಕೂತ್ಕೊಳ್ಳಿ. ನಾನು ನೋಡ್ಕೋತೀನಿ."

ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಓರಗಿತ್ತಿ ಬಂದು ಕಿವಿಯ ಹತ್ತಿರ ಬಗ್ಗಿದಳು.

"ಅಕ್ಕ, ಆ ಟೀಚರ್ ಬಂದಿದ್ದಾರೆ. ಭಾವನಿಗೆ ಮಾತು ಕಲಿಸ್ತಿದ್ರಲ್ಲ, ಅವರು. ಬಾಗಿಲಲ್ಲೇ ನಿಂತು ಅಳ್ತಿದ್ದಾರೆ ಪಾಪ."

"ಅವಳಿಗೇನಂತೆ ಅಳೋಕೆ?"

"ಶ್! ಕೇಳಿಸುತ್ತೆ."

"ಕೇಳಿಸಲಿ ಬಿಡು."

ಬಾಯಲ್ಲಿ ಹಾಗೆಂದರೂ ಅವಳ ಕೈ ತಾನಾಗಿಯೇ ಕೂದಲು ಸರಿಮಾಡಿಕೊಂಡಿತು. ನಿನ್ನೆಯಿಂದ ಅವಳ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಈ ಹೆಂಗಸು ನೋಡಿದರೆ ಅಳುವುದರಲ್ಲೂ ತನಗಿಂತ ಮುಂದೆ! ಟೀಚರ್ ಚೆಲುವೆಯಾಗಿದ್ದರೆ ಹೊಟ್ಟೆ ಉರಿಸಿಕೊಳ್ಳಲು ಒಂದು ನೆಪವಾದರೂ ಸಿಗುತ್ತಿತ್ತು. ಐವತ್ತು ದಾಟಿದ, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ತೂಗುಹಾಕಿಕೊಂಡ, ನಡೆದರೆ ಏದುಸಿರು ಬಿಡುವ ಹೆಂಗಸು ಆಕೆ.

*

ಅಂಗಡಿಯಲ್ಲಿ ಗಂಡನ ಬಾಯಿ ಕತ್ತರಿಗಿಂತ ಜೋರು. ಗಿರಾಕಿಗಳು ಕೂದಲು ಬೆಳೆಯುವ ಮೊದಲೇ ಬಂದು ಕೂರುತ್ತಿದ್ದರು, ಮಾತು ಕೇಳಲಿಕ್ಕೆ. ಮನೆ ತಲುಪುವಷ್ಟರಲ್ಲಿ ಸರಕೆಲ್ಲ ಖಾಲಿ. ಊಟಕ್ಕೆ ಕೂತರೆ ಒಂದು ಹ್ಞೂಂ, ಒಂದು ಊಹ್ಞೂಂ. ಆ ಗಿರಾಕಿಗಳ ಮೇಲೆಲ್ಲ ಅವಳಿಗೆ ಹೊಟ್ಟೆಕಿಚ್ಚಿತ್ತು.

ಸ್ಟ್ರೋಕ್ ಆದಾಗ ಬಲಗೈ ಅರ್ಧ ಹೋಯಿತು, ಮಾತು ಮುಕ್ಕಾಲು ಹೋಯಿತು. ಹೇಳಬೇಕಾದ್ದು ಅವನಿಗೆ ಗೊತ್ತಿತ್ತು, ಪದ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಕನ್ನಡಿ ಬೇಕಾದಾಗ ಕಿಟಕಿ ಎನ್ನುವನು, ತಪ್ಪೆಂದು ತಿಳಿದು ತನ್ನ ಮೇಲೇ ಸಿಡುಕುವನು. ಹೇಳಿಕೊಂಡರೆ ನಾಚಿಕೆ, ಆದರೆ ಅವಳಿಗೆ ಒಳಗೊಳಗೇ ಸಣ್ಣ ಖುಷಿಯಾಗಿತ್ತು. ಇನ್ನು ಇವರ ಮಾತು ತಿಳಿಯುವುದು ತನಗೊಬ್ಬಳಿಗೇ. ಆ ಖುಷಿಗೆ ಕಲ್ಲು ಹಾಕಿದವಳು ಟೀಚರ್.

ಮೊದಲ ದಿನ ಆಸ್ಪತ್ರೆಯ ಕೋಣೆಯಲ್ಲಿ ಆಕೆ ಬಾಚಣಿಗೆಯ ಚಿತ್ರ ಎತ್ತಿ ಹಿಡಿದಳು. "ಇದು ನಿಮ್ಮ ಅಂಗಡೀದೇ. ಇದರಿಂದ ಏನ್ ಮಾಡ್ತೀರಿ?"

ಗಂಡ ಎಡಗೈಯಿಂದ ಗಾಳಿಯಲ್ಲಿ ತಲೆ ಬಾಚಿದ. "ತಲೆ... ಜೇಬು..."

"ಹತ್ತಿರ ಬಂದ್ರಿ. ಬಾ..."

"ಬಾ... ಬಾ..."

"ಬಾಚಣಿಗೆ ಕಣ್ರೀ!" ಎಂದುಬಿಟ್ಟಳು ಇವಳು.

ಟೀಚರ್ ನಕ್ಕಳು. "ಅಮ್ಮಾ, ನೀವೇ ತೆಗೆದುಕೊಟ್ಟರೆ ಅವರು ಹುಡುಕೋದು ಯಾವಾಗ? ಸ್ವಲ್ಪ ಹೊರಗೆ ಕೂತಿರಿ."

ಕೂರಿಸಿದ್ದು ಬೆಂಚಿನ ಮೇಲೆ, ಬಾಗಿಲಾಚೆ. ಕಟ್ಟಿಕೊಂಡ ಹೆಂಡತಿ ಹೊರಗೆ! ಒಳಗಿನಿಂದ ಗಂಡನ ನಗು ಕೇಳಿಸಿದಾಗ ಅವಳ ಮೈಯೆಲ್ಲ ಉರಿಯಿತು.

ಕೊನೆಗೆ ಒಳಗೆ ಕರೆದು ಟೀಚರ್ ಅವನನ್ನು ಕೇಳಿದಳು. "ಇವರು ಯಾರು?"

"ಇವಳೇ," ಎಂದ ಅವನು ತಟ್ಟನೆ.

"ಇವಳು ಅಂದರೆ ಯಾರು? ಹೆಸರು ಹೇಳಿ."

"ಇವಳೇ... ಇವಳೇ!"

"ಬೇಜಾರು ಮಾಡ್ಕೋಬೇಡಿ ಅಮ್ಮ. ಹೆಸರು ಸಿಗದಿದ್ದಾಗ ಹೀಗೇ ಅದು, ಇದು, ಅವನು, ಇವಳು ಅಂತಾರೆ. ತರಿಸೋಣ."

ಮದುವೆಯಾದಾಗಿನಿಂದ ಅವನು ಕರೆದದ್ದೇ ಹಾಗೆ. ಇವಳೇ, ನೀರು ಕೊಡು. ಇವಳೇ, ಬಾಗಿಲು ಹಾಕು. ಹೆಸರು ಹಿಡಿದು ಒಮ್ಮೆಯೂ ಕರೆದವನಲ್ಲ. ಅದನ್ನು ಈ ಹೆಂಗಸಿನ ಮುಂದೆ ಹೇಗೆ ಹೇಳುವುದು?

*

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಗಂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ತೊಡೆಗೆ ಬೆರಳು ತಟ್ಟುತ್ತ, ಒಂದೊಂದೇ ಅಕ್ಷರ ಬಿಡಿಸಿ, ಅವಳ ಹೆಸರನ್ನು ಪೂರ್ತಿ ಹೇಳಿದ. ಹೇಳಿ, ಮಾರ್ಕು ಕೇಳುವವನಂತೆ ನಿಂತ.

ಆ ಎಳೆತ, ಆ ರಾಗ ಎಲ್ಲ ಟೀಚರದ್ದೇ. ಆಕೆಯೇ ಮನೆಯೊಳಗೆ ಬಂದು ನಿಂತ ಹಾಗಾಯಿತು.

"ಅವಳು ಕಲಿಸಿದ್ದನ್ನ ಅವಳ ಹತ್ರಾನೇ ಒಪ್ಪಿಸಿ! ಈ ಮನೇಲಿ ಬೇಡ," ಎಂದಳು.

ಅವನ ಮುಖ ಸಣ್ಣದಾಯಿತು. ಅಂದಿನಿಂದ ಮನೆಯಲ್ಲಿ ಆ ಹೆಸರೂ ಇಲ್ಲ, ಇವಳೇ ಎನ್ನುವುದೂ ಇಲ್ಲ. ಏನಾದರೂ ಬೇಕಾದರೆ ಲೋಟದಿಂದ ಮೇಜು ಕುಟ್ಟುತ್ತಿದ್ದ. ಪಾಠದ ದಿನ ಮಾತ್ರ ಎದ್ದವನೇ ನಗುತ್ತ "ಟೀಚರ್" ಎನ್ನುತ್ತಿದ್ದ, ಸುಲಲಿತವಾಗಿ. ಟೀಚರಿಗೆ ಮಾತು, ತನಗೆ ಲೋಟದ ಸದ್ದು. ತನ್ನ ಪಾಲಿಗೆ ಒಂದು ಪದವನ್ನಾದರೂ ಉಳಿಸಿಕೊಂಡಿದ್ದಾರೋ ಇಲ್ಲವೋ ಎಂದು ಅವಳು ಕಾದಳು. ಕಾಯುತ್ತಿರುವಾಗಲೇ ಅವನು ಹೋಗಿಬಿಟ್ಟ.

*

ಟೀಚರ್ ಕಷ್ಟಪಟ್ಟು ಮೊಣಕಾಲು ಮಡಚಿ ಅವಳ ಪಕ್ಕದಲ್ಲೇ ಕೂತಳು.

"ನಿಮ್ಮ ಹತ್ರ ಒಂದು ಮಾತು ಹೇಳಬೇಕಿತ್ತು ಅಮ್ಮ."

"ಹೇಳಿ. ನಿಮಗೆ ಮಾತಿಗೇನು ಬರ."

ಆಕೆಗೆ ಚುಚ್ಚಿದಂತೆ ಕಾಣಲಿಲ್ಲ. "ಅವರು ಎಲ್ಲಾ ಕಲಿತರು. ಕತ್ತರಿ, ಕನ್ನಡಿ, ಬಾಚಣಿಗೆ. ನನ್ನ ಮೊಮ್ಮಗನ ಹೆಸರೂ ಹೇಳೋರು. ನಿಮ್ಮ ಹೆಸರು ಒಂದು ಸಲ ಚೆನ್ನಾಗಿ ಬಂತು. ಮನೇಲಿ ಹೇಳ್ತೀನಿ ಅಂತ ಸನ್ನೆ ಮಾಡಿ ಕುಣಿದುಕೊಂಡು ಹೋದರು. ಆಮೇಲೆ ಏನಾಯ್ತೋ, ಬಾಯಿಗೇ ಬರಲಿಲ್ಲ. ನಿಮ್ಮ ಫೋಟೋ ತೋರಿಸಿದರೆ ಇವಳೇ. ಬೆಂಚಿನ ಕಡೆ ಕೈ ಮಾಡಿದರೂ ಇವಳೇ. ಕೊನೇ ಪಾಠದ ದಿನ ಬಾಗಿಲ ಕಡೆ ನೋಡ್ತಾ ಅದೇ, ಇವಳೇ ಇವಳೇ. ಒಂದು ಹೆಸರು ತರಿಸೋಕೆ ನನ್ನ ಕೈಲಾಗಲಿಲ್ಲ. ಸೋತುಬಿಟ್ಟೆ."

ಸತ್ತವನ ಎದುರು ಕೂತು ಗೆದ್ದ ಸಂತೋಷ ಪಡಬಾರದು, ಆದರೆ ಅವಳು ಪಟ್ಟಳು. ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಬೇಡ, ಹೇಳಿದರೆ ಈ ಹೆಂಗಸು ಅದನ್ನೂ ಕಲಿತುಬಿಡುತ್ತಾಳೆ. ಇದೊಂದಾದರೂ ತನ್ನ ಹತ್ತಿರವೇ ಇರಲಿ.

"ಪಾಪ, ನೀವೇನ್ ಮಾಡ್ತೀರಿ," ಎಂದಳು ದೊಡ್ಡ ಮನಸ್ಸಿನಿಂದ. "ಪ್ರಯತ್ನ ಪಟ್ರಿ. ಸಿಗಲಿಲ್ಲ, ಅಷ್ಟೇ."

ಟೀಚರ್ ತಲೆ ತಗ್ಗಿಸಿ ಕನ್ನಡಕ ಒರೆಸಿಕೊಂಡಳು.

ಅತ್ತ ಶೇವಿಂಗ್ ಮುಗಿದಿತ್ತು. ನೊರೆಯ ಕೈ ಮೇಲೆತ್ತಿಕೊಂಡ ಮೈದುನ ಹಿಂದಿರುಗಿ ನೋಡದೆ ತನ್ನ ಹೆಂಡತಿಗೆ ಕೂಗಿದ. ಅಣ್ಣನದೇ ಗಂಟಲು, ಅಣ್ಣನದೇ ಅವಸರ.

"ಇವಳೇ, ಟವೆಲ್ ತಾ!"

"ಬಂದೆ ರೀ!"

ಟವೆಲ್ ಹಿಡಿದು ಹೊರಟಿದ್ದ ಓರಗಿತ್ತಿ ನಡುಮನೆಯಲ್ಲೇ ನಿಂತಳು, ಏಕೆಂದರೆ ಉತ್ತರ ಕೊಟ್ಟಿದ್ದು ಅವಳಲ್ಲ. ಗೋಡೆಯ ಪಕ್ಕ ಕೂತಿದ್ದವಳು ಎದ್ದು ನಿಂತು, ಎರಡು ಹೆಜ್ಜೆಯನ್ನೂ ಇಟ್ಟಿದ್ದಳು. ಅವಳ ಕಣ್ಣು ತುಂಬಿ ನೀರು ಕೆನ್ನೆಗೆ ಇಳಿಯತೊಡಗಿತ್ತು.

ನೆಲದ ಮೇಲಿದ್ದ ಟೀಚರ್ ಕತ್ತೆತ್ತಿ ಅವಳನ್ನೇ ನೋಡುತ್ತಿದ್ದಳು. ಆಕೆಯ ತುಟಿಗಳು ಸದ್ದಿಲ್ಲದೆ ಆ ಪದವನ್ನು ಒಂದೊಂದೇ ಅಕ್ಷರವಾಗಿ ಹೇಳಿ ನೋಡುತ್ತಿದ್ದವು.